ಬೆಂಗಳೂರು–ಟೋಕಿಯೊ ವಿಮಾನ ಪ್ರಯಾಣ: ದೂರ ಮತ್ತು ಅವಧಿಯ ಕುರಿತು ಸಾರ್ವಜನಿಕರಿಗೆ ಮಾಹಿತಿ

ತಾಂಡವಪುರ, ನಂಜನಗೂಡು ಹಾಗೂ ತಿ. ನರಸೀಪುರ ಭಾಗಗಳಿಂದ ಉದ್ಯೋಗ, ತರಬೇತಿ ಅಥವಾ ವ್ಯಾಸಂಗದ ನಿಮಿತ್ತ ಜಪಾನಿಗೆ ತೆರಳಲಿಚ್ಛಿಸುವವರು ಟಿಕೆಟ್ ಕಾಯ್ದಿರಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

1. ದೂರ

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಟೋಕಿಯೊ ನಗರದ ನರಿಟಾ ವಿಮಾನ ನಿಲ್ದಾಣಕ್ಕೆ ಭೂಗೋಳದ ಮೇಲಿನ ಅತ್ಯಂತ ಹತ್ತಿರದ ದೂರವು ಸುಮಾರು 6,700 ಕಿ.ಮೀ. ಆಗಿರುತ್ತದೆ. ಹವಾಮಾನ ಹಾಗೂ ನಿಗದಿತ ವಾಯುಮಾರ್ಗಗಳ ಕಾರಣ ವಿಮಾನವು ಕ್ರಮಿಸುವ ದೂರ ಇದಕ್ಕಿಂತ ಹೆಚ್ಚಿರುತ್ತದೆ.

2. ಹಾರಾಟದ ಅವಧಿ

ನೇರ ವಿಮಾನದಲ್ಲಿ ಹೋಗುವಾಗ ಸುಮಾರು 8ರಿಂದ 8½ ಗಂಟೆ, ಹಿಂದಿರುಗುವಾಗ ಸುಮಾರು 9½ರಿಂದ 10 ಗಂಟೆ ಬೇಕಾಗುತ್ತದೆ. ಬಹು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ವೇಗವಾಗಿ ಬೀಸುವ ಗಾಳಿಯು ಹೋಗುವಾಗ ಅನುಕೂಲವಾಗಿಯೂ, ಬರುವಾಗ ಎದುರಾಗಿಯೂ ಇರುವುದೇ ಇದಕ್ಕೆ ಕಾರಣ. ಚಳಿಗಾಲದಲ್ಲಿ ಈ ಗಾಳಿ ಮತ್ತಷ್ಟು ಬಲವಾಗಿರುತ್ತದೆ.

3. ಟಿಕೆಟ್‌ನಲ್ಲಿನ ವೇಳೆ

ಟಿಕೆಟ್‌ನಲ್ಲಿ ನಮೂದಾಗಿರುವುದು ಆಯಾ ಸ್ಥಳದ ವೇಳೆ. ಭಾರತದ ವೇಳೆಯನ್ನು 82½ ಡಿಗ್ರಿ, ಜಪಾನಿನ ವೇಳೆಯನ್ನು 135 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿ ನಿಗದಿಪಡಿಸಲಾಗಿದೆ. 15 ಡಿಗ್ರಿಗೆ 1 ಗಂಟೆಯಂತೆ ಜಪಾನ್ ವೇಳೆಯು ನಮಗಿಂತ 3½ ಗಂಟೆ ಮುಂದಿರುತ್ತದೆ.

ಉದಾಹರಣೆಗೆ, ಬೆಂಗಳೂರಿನಿಂದ ಬೆಳಗಿನ ಜಾವ 2-30ಕ್ಕೆ ಹೊರಟ ವಿಮಾನವು 8¼ ಗಂಟೆ ಹಾರಿದರೆ ಅಲ್ಲಿನ ವೇಳೆ ಮಧ್ಯಾಹ್ನ 2-15ಕ್ಕೆ ತಲುಪುತ್ತದೆ. ಗಡಿಯಾರದ ಲೆಕ್ಕದಲ್ಲಿ ಇದು 11¾ ಗಂಟೆಯಂತೆ ಕಾಣುತ್ತದೆ. ಅಲ್ಲಿಂದ ಸಂಜೆ 6-00ಕ್ಕೆ ಹೊರಟು 9¾ ಗಂಟೆ ಹಾರಿದ ವಿಮಾನವು ಇಲ್ಲಿನ ವೇಳೆ ರಾತ್ರಿ 12-15ಕ್ಕೆ ತಲುಪುತ್ತದೆ. ಇದು ಕೇವಲ 6¼ ಗಂಟೆಯಂತೆ ಕಾಣುತ್ತದೆ. ವಾಸ್ತವವಾಗಿ ಹಿಂದಿರುಗುವ ಪ್ರಯಾಣವೇ ದೀರ್ಘ. ಆದ್ದರಿಂದ ಹೋಗುವಾಗಿನ ಅಂತರದಿಂದ 3½ ಗಂಟೆ ಕಳೆಯತಕ್ಕದ್ದು. ಬರುವಾಗಿನ ಅಂತರಕ್ಕೆ 3½ ಗಂಟೆ ಕೂಡಿಸತಕ್ಕದ್ದು.

4. ಊರಿನಿಂದ ಹೊರಡುವ ದಿನಾಂಕ

ತಾಂಡವಪುರಕ್ಕೆ ಸಮೀಪದ ಮಂಡಕಳ್ಳಿಯಲ್ಲಿ ಮೈಸೂರು ವಿಮಾನ ನಿಲ್ದಾಣವಿದ್ದರೂ ಅಲ್ಲಿಂದ ಅಂತರರಾಷ್ಟ್ರೀಯ ವಿಮಾನಗಳಿರುವುದಿಲ್ಲ. ಮೈಸೂರಿನಿಂದ ಕೆಂಪೇಗೌಡ ನಿಲ್ದಾಣಕ್ಕೆ ಕೆ.ಎಸ್.ಆರ್.ಟಿ.ಸಿ. ಫ್ಲೈಬಸ್ ಸೌಲಭ್ಯವಿದ್ದು, ಸುಮಾರು 4 ಗಂಟೆ ಅಥವಾ ಹೆಚ್ಚಿನ ಕಾಲಾವಕಾಶ ಇರಿಸಿಕೊಳ್ಳುವುದು ಒಳಿತು. ಪ್ರಯಾಣಿಕರು ವಿಮಾನ ಹೊರಡುವ 3 ಗಂಟೆ ಮುಂಚಿತವಾಗಿ 2ನೇ ಟರ್ಮಿನಲ್‌ನಲ್ಲಿ ಹಾಜರಿರಬೇಕು. ಅಂತರರಾಷ್ಟ್ರೀಯ ವಿಮಾನಗಳ ಚೆಕ್-ಇನ್ ಸಾಮಾನ್ಯವಾಗಿ 1 ಗಂಟೆ ಮುಂಚೆ ಮುಕ್ತಾಯವಾಗುತ್ತದೆ.

ಟಿಕೆಟ್‌ನಲ್ಲಿ 16ನೇ ತಾರೀಖು ಬೆಳಗಿನ ಜಾವ 2-30 ಎಂದಿದ್ದರೆ, 15ರ ರಾತ್ರಿ 11-30ಕ್ಕೆ ನಿಲ್ದಾಣದಲ್ಲಿರಬೇಕು. ಅಂದರೆ 15ರ ಸಂಜೆ 5-30ರ ವೇಳೆಗೆ ತಾಂಡವಪುರವನ್ನು ಬಿಡಬೇಕು. 16ರ ಸಂಜೆ ಹೊರಟವರಿಗೆ ವಿಮಾನವು ಹಿಂದಿನ ರಾತ್ರಿಯೇ ತಪ್ಪಿಹೋಗಿರುತ್ತದೆ. ಟಿಕೆಟ್ ಹಣದ ಜೊತೆಗೆ ಕೆಲಸಕ್ಕೆ ಅಥವಾ ತರಬೇತಿಗೆ ಹಾಜರಾಗುವ ದಿನವೂ ಕೈತಪ್ಪಬಹುದು.

5. ಒಟ್ಟು ಕಾಲಾವಧಿ

ನರಿಟಾ ನಿಲ್ದಾಣವು ಟೋಕಿಯೊ ನಗರದಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ. ವಲಸೆ ತಪಾಸಣೆ ಮತ್ತು ರೈಲು ಪ್ರಯಾಣ ಸೇರಿ ತಾಂಡವಪುರದಿಂದ ನಗರ ತಲುಪಲು ಒಟ್ಟು ಸುಮಾರು 20 ಗಂಟೆ ಹಿಡಿಯುತ್ತದೆ. ಇದರಲ್ಲಿ ಹಾರಾಟದ ಪಾಲು ಅರ್ಧಕ್ಕಿಂತಲೂ ಕಡಿಮೆ.

ಸೂಚನೆ: ಪಾಸ್‌ಪೋರ್ಟ್ ಮತ್ತು ವೀಸಾ ದೊರೆತ ನಂತರವೇ ಪ್ರಯಾಣದ ದಿನಾಂಕ ನಿಗದಿಪಡಿಸುವುದು ಕ್ಷೇಮ. ಪಾಸ್‌ಪೋರ್ಟ್‌ಗೆ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಿ, ದಿನಾಂಕ ಪಡೆದು, ಜನವರಿ 2017ರಲ್ಲಿ ಆರಂಭವಾದ ಮೈಸೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮೂಲ ದಾಖಲೆಗಳೊಂದಿಗೆ ಹಾಜರಾಗಬಹುದು. ವಿಮಾನಗಳ ವೇಳಾಪಟ್ಟಿ ಬದಲಾಗುವುದರಿಂದ ಹೊರಡುವ ಮುನ್ನಾದಿನ ವಿಮಾನ ಸಂಸ್ಥೆಯಿಂದ ಖಚಿತಪಡಿಸಿಕೊಳ್ಳತಕ್ಕದ್ದು.