ನಾಯಿ ಕಿರುಚಿ ಸುಮ್ಮನಾದಾಗ

ಸೋಫಾದಿಂದ ಕೆಳಗೆ ಜಿಗಿದ ಡ್ಯಾಶುಂಡ್ ಒಮ್ಮೆಲೇ ಕಂಯ್ ಎಂದು ಕಿರುಚುತ್ತದೆ. ಬೆನ್ನು ಸವರಲು ಹೋದರೆ ಮೈ ನಡುಗಿಸುತ್ತದೆ, ಎಂದೂ ಕಚ್ಚದ ನಾಯಿ ಮುಖ ತಿರುವಿ ಹಲ್ಲು ತೋರಿಸುತ್ತದೆ. ಹತ್ತು ನಿಮಿಷ ಕಳೆದರೆ ಅದೇ ನಾಯಿ ತಟ್ಟೆಗೆ ಬಾಯಿ ಹಾಕುತ್ತದೆ, ಬಾಲವನ್ನೂ ಅಲ್ಲಾಡಿಸುತ್ತದೆ. ರಾತ್ರಿಯಾಗಿದೆ. ಈಗಲೇ ಪಶುವೈದ್ಯರ ಬಳಿ ಓಡಬೇಕೋ, ಬೆಳಗಾಗಲಿ ಎಂದು ಕಾಯಬಹುದೋ? ‘ಕಿರುಚೋದು ನಿಂತಿದೆಯಲ್ಲ, ಬಿಡಿ’ ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಆದರೆ ನೋಡಬೇಕಾದದ್ದು ಕಿರುಚಾಟವನ್ನಲ್ಲ, ನಡಿಗೆಯನ್ನು ಮತ್ತು ಮೂತ್ರವನ್ನು.

ಡ್ಯಾಶುಂಡ್‌ನಂಥ ನಾಯಿ ಹೀಗೆ ಕಿರುಚಿದರೆ ಮೊದಲ ಅನುಮಾನ ಬೆನ್ನಿನ ಡಿಸ್ಕ್ ಮೇಲೆ. ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಡಿಸ್ಕ್‌ಗೆ ಹೊರಗೆ ಗಟ್ಟಿ ನಾರಿನ ಉಂಗುರ, ಒಳಗೆ ಲೋಳೆಯಂಥ ತಿರುಳು. ಡ್ಯಾಶುಂಡ್, ಬೀಗಲ್, ಕಾಕರ್ ಸ್ಪ್ಯಾನಿಯಲ್, ಫ್ರೆಂಚ್ ಬುಲ್‌ಡಾಗ್‌ಗಳಂಥ ತಳಿಗಳಲ್ಲಿ ಈ ತಿರುಳು ಎಳೆ ವಯಸ್ಸಿನಲ್ಲೇ ಒಣಗಿ ಸುಣ್ಣಗಟ್ಟತೊಡಗುತ್ತದೆ. ಇದರ ಮೂಲ ವಂಶವಾಹಿಯಲ್ಲಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಡ್ಯಾನಿಕಾ ಬನಾಶ್ ಅವರ ತಂಡ 2017ರಲ್ಲಿ ಇದನ್ನು ಪತ್ತೆಹಚ್ಚಿತು. ಎಫ್‌ಜಿಎಫ್4 ಎಂಬ ವಂಶವಾಹಿಯ ಹೆಚ್ಚುವರಿ ಪ್ರತಿಯೊಂದು ಇಂಥ ನಾಯಿಗಳ 12ನೇ ವರ್ಣತಂತುವಿನಲ್ಲಿ ಕೂತಿದೆ; ಕಾಲು ಗಿಡ್ಡವಾಗುವುದಕ್ಕೂ ಡಿಸ್ಕ್ ಬೇಗ ಮುಪ್ಪಾಗುವುದಕ್ಕೂ ಅದು ಕಾರಣ. ಮುದ್ದಾಗಿ ಕಾಣಲೆಂದು ಮನುಷ್ಯ ಆರಿಸಿ ಆರಿಸಿ ಬೆಳೆಸಿದ ಗಿಡ್ಡ ಕಾಲಿನ ಬೆಲೆಯನ್ನು ನಾಯಿಯ ಬೆನ್ನು ತೆರುತ್ತಿದೆ. ಡ್ಯಾಶುಂಡ್‌ಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಹೀಗೆ ಮುಪ್ಪಾದ ಡಿಸ್ಕ್ ಬಾಳಿನಲ್ಲಿ ಒಮ್ಮೆಯಾದರೂ ತೊಂದರೆ ಕೊಡುತ್ತದೆ.

ಒಣಗಿದ ತಿರುಳು ಒಂದು ದಿನ ನಾರಿನ ಉಂಗುರವನ್ನು ಸೀಳಿಕೊಂಡು ಮೇಲಕ್ಕೆ ಚಿಮ್ಮಿ ಬೆನ್ನುಹುರಿಗೆ ಬಡಿಯುತ್ತದೆ. ಆ ಕ್ಷಣದ ಕೂಗೇ ನಾವು ಕೇಳಿದ್ದು. ಹೆಚ್ಚಾಗಿ ಇದು ನಡೆಯುವುದು ಎದೆಗೂಡು ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ. ಅದಕ್ಕಿಂತ ಮುಂದಿನ ಎದೆಭಾಗದಲ್ಲಿ ಎಡಬಲದ ಪಕ್ಕೆಲುಬುಗಳ ತಲೆಗಳನ್ನು ಬಿಗಿಯುವ ಒಂದು ಕಟ್ಟು ಡಿಸ್ಕ್‌ನ ಮೇಲೆಯೇ ಹಾದುಹೋಗಿ ಅದನ್ನು ಅದುಮಿ ಹಿಡಿದಿರುತ್ತದೆ. ಸೊಂಟದ ಹತ್ತಿರ ಆ ಕಾವಲಿಲ್ಲ.

ಬೆನ್ನುಹುರಿ ನಲುಗಿದಾಗ ಅದರ ಶಕ್ತಿಗಳು ಒಂದು ಕ್ರಮದಲ್ಲಿ ಕಳೆದುಹೋಗುತ್ತವೆ. ದಪ್ಪ ನರತಂತುಗಳು ಮೊದಲು ಸೋಲುತ್ತವೆ. ಪಾದ ಎಲ್ಲಿದೆ, ಹೇಗಿದೆ ಎಂಬ ಅರಿವನ್ನು ಮಿದುಳಿಗೆ ಒಯ್ಯುವುದು ಅವೇ. ಆದ್ದರಿಂದ ಮೊದಲ ಗುರುತು ತೂರಾಡುವ ನಡಿಗೆ. ಹಿಂಗಾಲು ಒಂದಕ್ಕೊಂದು ತೊಡರುತ್ತವೆ, ಉಗುರು ನೆಲಕ್ಕೆ ಉಜ್ಜಿ ಸರಸರ ಸದ್ದಾಗುತ್ತದೆ. ಹೊಟ್ಟೆಯ ಕೆಳಗೆ ಕೈಕೊಟ್ಟು ನಿಲ್ಲಿಸಿ, ಹಿಂಗಾಲಿನ ಪಂಜವನ್ನು ಮೆಲ್ಲಗೆ ಮಡಿಸಿ ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಆರೋಗ್ಯವಂತ ನಾಯಿ ತಕ್ಷಣ ಅದನ್ನು ಸರಿಪಡಿಸಿಕೊಳ್ಳುತ್ತದೆ. ನರ ನಲುಗಿದ ನಾಯಿ ಮಡಿಸಿದ ಪಂಜದ ಮೇಲೆ ಹಾಗೆಯೇ ನಿಂತಿರುತ್ತದೆ. ಮುಟ್ಟಿದರೆ ನೋವೆನ್ನುವ ನಾಯಿಗೆ ಈ ಪರೀಕ್ಷೆ ಬೇಡ; ನಡಿಗೆ ನೋಡಿದರೆ ಸಾಕು. ಪೆಟ್ಟು ಇನ್ನೂ ಜೋರಾಗಿದ್ದರೆ ಕಾಲು ಆಡಿಸುವ ಶಕ್ತಿ ಹೋಗುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ಆಳದ ನೋವಿನ ಅರಿವು ಎಲ್ಲಕ್ಕಿಂತ ಕೊನೆಗೆ ಹೋಗುವಂಥದ್ದು.

ಈ ಕೊನೆಯ ಅರಿವಿನ ವಿಷಯದಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ. ಬೆರಳು ಚಿವುಟಿದರೆ ಕಾಲು ಹಿಂದಕ್ಕೆ ಎಳೆದುಕೊಂಡಿತು, ಹಾಗಾದರೆ ಸ್ಪರ್ಶ ಇದೆ ಎಂದು ನೆಮ್ಮದಿಪಡುತ್ತಾರೆ. ಕಾಲು ಎಳೆದುಕೊಳ್ಳಲು ಮಿದುಳೇ ಬೇಕಿಲ್ಲ. ಬೆನ್ನುಹುರಿಯ ಕೆಳಗಿನ ತುಂಡು ತಾನೇ ಆ ಕೆಲಸ ಮುಗಿಸುತ್ತದೆ. ವೈದ್ಯರು ಬೆರಳಿನ ಮೂಳೆ ಒತ್ತಿದಾಗ ನೋಡುವುದು ನಾಯಿಯ ಮುಖವನ್ನು: ತಿರುಗಿ ನೋಡಿತೇ, ಕೂಗಿತೇ, ಕಚ್ಚಲು ಬಂತೇ? ಆ ಉತ್ತರದ ಮೇಲೆ ಬಹಳಷ್ಟು ನಿಂತಿದೆ. ನೋವಿನ ಅರಿವು ಉಳಿದಿರುವಾಗ ಶಸ್ತ್ರಚಿಕಿತ್ಸೆಯಾದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ನಾಯಿಗಳು ಮತ್ತೆ ನಡೆಯುತ್ತವೆ. ಅರಿವು ಹೋದಮೇಲೆ ಆ ಪ್ರಮಾಣ ಅರ್ಧದ ಆಸುಪಾಸಿಗೆ ಇಳಿಯುತ್ತದೆ.

ಹಾಗಾಗಿ ನಿರ್ಧಾರ ಹೀಗೆ. ನಾಯಿ ನೆಟ್ಟಗೆ ನಡೆಯುತ್ತಿದ್ದರೆ, ಮೂತ್ರ ಮಾಡುತ್ತಿದ್ದರೆ, ಆ ರಾತ್ರಿ ಚಿಕ್ಕ ಜಾಗದಲ್ಲಿ ಕೂಡಿಹಾಕಿ ಬೆಳಿಗ್ಗೆ ವೈದ್ಯರಿಗೆ ತೋರಿಸಬಹುದು. ನಡುರಾತ್ರಿ ಒಮ್ಮೆ ಎದ್ದು ನೋಡಿ, ಏಕೆಂದರೆ ಕೆಲವು ನಾಯಿಗಳು ಕೆಲವೇ ತಾಸುಗಳಲ್ಲಿ ನೋವಿನಿಂದ ಲಕ್ವಕ್ಕೆ ಜಾರುತ್ತವೆ. ಹಿಂಗಾಲು ತೂರಾಡುತ್ತಿದ್ದರೆ ಫೋನಿನಲ್ಲಾದರೂ ವೈದ್ಯರನ್ನು ಕೇಳದೆ ಮಲಗಬೇಡಿ. ಕಾಲು ಎಳೆದುಕೊಂಡು ಹೋಗುತ್ತಿದ್ದರೆ ಅಥವಾ ಮೂತ್ರ ಕಟ್ಟಿದ್ದರೆ ಆಗಲೇ ಹೊರಡಿ. ಹಲಗೆಯ ಮೇಲೋ, ಇಬ್ಬರು ಬಿಗಿಯಾಗಿ ಹಿಡಿದ ಬೆಡ್‌ಶೀಟಿನ ಮೇಲೋ ಮಲಗಿಸಿ ಒಯ್ಯಿರಿ. ಕಂಕುಳಿಗೆ ಕೈಹಾಕಿ ಎತ್ತಿದರೆ ಬೆನ್ನು ಜೋತು ಇನ್ನಷ್ಟು ಕೆಡುತ್ತದೆ. ಹೊರಡುವ ಮುಂಚೆ ನಡಿಗೆಯ ವಿಡಿಯೊ ತೆಗೆದಿಡಿ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿದ ನಾಯಿ ನೋವನ್ನೇ ಬಚ್ಚಿಡುತ್ತದೆ.

ಹಠಾತ್ ನೋವೆಲ್ಲ ಬೆನ್ನಿನದೇ ಎಂದೂ ಅಲ್ಲ. ಹೊಟ್ಟೆ ಉಬ್ಬಿ, ವಾಂತಿ ಬಾರದೆ ಬರಿದೆ ಓಕರಿಸುತ್ತಿದ್ದರೆ ಜಠರ ತಿರುಚಿಕೊಂಡಿರಬಹುದು. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ಆಳ ಎದೆಯ ನಾಯಿಗಳಲ್ಲಿ ಇದು ಹೆಚ್ಚು, ಬೆಳಗಿನವರೆಗೆ ಕಾದರೆ ಜೀವ ಉಳಿಯದು. ವಸಡು ಬಿಳಿಚಿಕೊಂಡಿದ್ದರೂ ಕಾಯಬಾರದು. ರೇಬೀಸ್ ಲಸಿಕೆ ಹಾಕಿಸದ ನಾಯಿಯ ಹಿಂಗಾಲು ಸೋತು, ಜೊಲ್ಲು ಸುರಿದು, ದನಿ ಬದಲಾಗಿದ್ದರೆ ಬಾಯಿಯ ಹತ್ತಿರ ಕೈ ಒಯ್ಯಬೇಡಿ, ಆಸ್ಪತ್ರೆಗೆ ಮೊದಲೇ ತಿಳಿಸಿ.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುವುದು ಮನೆಯ ಔಷಧಿ ಡಬ್ಬ. ಕಣ್ಣೆದುರು ನರಳುವ ಪ್ರಾಣಿಗೆ ಏನಾದರೂ ಕೊಡಬೇಕೆಂದು ಕರುಳು ಚುರ್ ಎನ್ನುತ್ತದೆ, ನಿಜ. ಆದರೆ ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್ ಮಾತ್ರೆಗಳು ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತಿಗೆ ಪೆಟ್ಟು. ಇವನ್ನು ನುಂಗಿಸಿದ ಮೇಲೆ ವೈದ್ಯರು ನಾಯಿಗೆ ಹೊಂದುವ ನೋವು ನಿವಾರಕವನ್ನು ತಕ್ಷಣ ಕೊಡುವಂತಿರುವುದಿಲ್ಲ. ಸ್ಟೀರಾಯ್ಡ್ ಜೊತೆ ಸೇರಿದರಂತೂ ಹುಣ್ಣಿನ ಅಪಾಯ ಇನ್ನೂ ಹೆಚ್ಚು. ಕೊಟ್ಟಿದ್ದರೆ ಅವರಿಗೆ ಮುಚ್ಚಿಡದೆ ಹೇಳಿ.

ವೈದ್ಯರೇ ಕೊಟ್ಟ ಮಾತ್ರೆ ಕೂಡ ನೋವನ್ನು ಮರೆಸುತ್ತದೆಯೇ ಹೊರತು ಸೀಳಿದ ಉಂಗುರವನ್ನು ಕೂಡಿಸುವುದಿಲ್ಲ. ಎರಡೇ ದಿನದಲ್ಲಿ ಗೆಲುವಾದ ನಾಯಿ ಮತ್ತೆ ಸೋಫಾ ಹತ್ತಿದರೆ ಉಳಿದ ತಿರುಳೂ ಹೊರಬರಬಹುದು. ಅದಕ್ಕೇ 2022ರಲ್ಲಿ ಪಶುವೈದ್ಯ ತಜ್ಞರು ಒಮ್ಮತದಿಂದ ಹೊರತಂದ ಮಾರ್ಗಸೂಚಿ ಶಸ್ತ್ರಚಿಕಿತ್ಸೆ ಇಲ್ಲದ ನಾಯಿಗಳಿಗೆ ಕನಿಷ್ಠ ನಾಲ್ಕು ವಾರಗಳ ಕಟ್ಟುನಿಟ್ಟಿನ ವಿಶ್ರಾಂತಿ ಹೇಳುತ್ತದೆ. ಮೂತ್ರಕ್ಕೆ ಮಾತ್ರ ಬೆಲ್ಟ್ ಹಾಕಿ ಹೊರಗೆ, ಮತ್ತೆ ಗೂಡಿಗೆ. ಮನೆಯವರಿಗೆ ಅದರ ಅಳು ನೋಡಲಾಗುವುದಿಲ್ಲ. ಆದರೂ ಬಾಗಿಲು ತೆರೆಯಬಾರದು.

ಸಾದಾ ಎಕ್ಸ್‌ರೇಯಲ್ಲಿ ಬೆನ್ನುಹುರಿ ಕಾಣದು. ಶಸ್ತ್ರಚಿಕಿತ್ಸೆಗೆ ಮುನ್ನ ಎಂಆರ್‌ಐ ಅಥವಾ ಸಿಟಿ ಬೇಕು. ನಮ್ಮಲ್ಲಿ ನಾಯಿಗಳಿಗೆ ಆ ಅನುಕೂಲ ಇರುವುದು ದೊಡ್ಡ ಊರುಗಳಲ್ಲಿ, ಖರ್ಚೂ ಎಲ್ಲರ ಕೈಗೆಟುಕುವಂಥದ್ದಲ್ಲ. ಅಷ್ಟಕ್ಕೇ ಆಸೆ ಬಿಡಬೇಕಿಲ್ಲ. ನೋವಿನ ಅರಿವು ಉಳಿದಿದ್ದರೆ ಕಾಲು ಬಿದ್ದ ನಾಯಿಗಳಲ್ಲೂ ಅರ್ಧಕ್ಕಿಂತ ಹೆಚ್ಚು ವಿಶ್ರಾಂತಿ, ಆರೈಕೆಯಿಂದಲೇ ಮತ್ತೆ ನಡೆದಿವೆ. ಸಮಯ ಹೆಚ್ಚು ಹಿಡಿಯುತ್ತದೆ, ಅಷ್ಟೆ. ಆ ವಾರಗಳಲ್ಲಿ ಮೂತ್ರಚೀಲವನ್ನು ದಿನಕ್ಕೆ ಮೂರ್ನಾಲ್ಕು ಸಲ ಕೈಯಿಂದ ಒತ್ತಿ ಖಾಲಿ ಮಾಡಬೇಕಾಗಬಹುದು. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು ಎಂಬುದನ್ನು ವೈದ್ಯರ ಕೈ ನೋಡಿಯೇ ಕಲಿಯಬೇಕು. ಆಸ್ಪತ್ರೆಯಿಂದ ಹೊರಡುವ ಮುನ್ನ ಅವರೆದುರೇ ಒಮ್ಮೆ ಮಾಡಿ ತೋರಿಸಿ ಬನ್ನಿ.