ಕಾಣೆಯಾದವರ ಏಳು ವರ್ಷ

ಯಲಹಂಕದವರಿಗೆ ಎಎನ್-32 ವಿಮಾನದ ಸದ್ದು ಹೊಸದಲ್ಲ. ವಾಯುಪಡೆಯ ಸಾರಿಗೆ ಪೈಲಟ್‌ಗಳು ತರಬೇತಿ ಪಡೆಯುವುದು ಅಲ್ಲಿನ ವಾಯುನೆಲೆಯಲ್ಲೇ. ಅದೇ ಮಾದರಿಯ ವಿಮಾನವೊಂದು 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟು, 29 ಜನರ ಸಮೇತ ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಅವರೆಲ್ಲ ಮೃತಪಟ್ಟಿದ್ದಾರೆಂದು ಭಾವಿಸಲಾಗಿದೆ ಎಂದು ಸೆಪ್ಟೆಂಬರ್‌ನಲ್ಲಿ ವಾಯುಪಡೆ ಮನೆಯವರಿಗೆ ತಿಳಿಸಿತು. ಅವಶೇಷ ಪತ್ತೆಯಾದ ಸುದ್ದಿ ಬಂದದ್ದು 2024ರ ಜನವರಿಯಲ್ಲಿ, 3,400 ಮೀಟರ್ ಆಳದಿಂದ.

ಸಾವಿಗೆ ಇಷ್ಟು ಬಲವಾದ ಸಾಂದರ್ಭಿಕ ಸಾಕ್ಷ್ಯವಿದ್ದರೆ ಕಾಯಬೇಕಿಲ್ಲ. ಆದರೆ ಬೆಳಿಗ್ಗೆ ಕೆಲಸಕ್ಕೆಂದು ಹೋದವರು ವಾಪಸು ಬಾರದಿದ್ದರೆ? ಆಗ ಏಳು ವರ್ಷ.

ಈ ಏಳು ಇಂಗ್ಲೆಂಡಿನದು. ಸಂಗಾತಿ ಏಳು ವರ್ಷ ಕಡಲಾಚೆಯೇ ಉಳಿದಿದ್ದರೆ ಮರುಮದುವೆಯಾದವರಿಗೆ ಶಿಕ್ಷೆಯಿಲ್ಲ ಎಂದು ಅಲ್ಲಿನ 1603ರ ಕಾಯ್ದೆ ಹೇಳಿತು. 1666ರಲ್ಲಿ ಆಸ್ತಿಯ ವಿಚಾರಕ್ಕೂ ಅದೇ ಅವಧಿ ಬಂತು. ನಮ್ಮ ಧರ್ಮಶಾಸ್ತ್ರದ ಲೆಕ್ಕ 12 ವರ್ಷ, ಆಮೇಲೆ ಪ್ರತಿಕೃತಿ ಮಾಡಿ ಸಂಸ್ಕಾರ. ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಸಾಕ್ಷ್ಯ ಕಾಯ್ದೆಯ 108ನೇ ಕಲಮು ಏಳನ್ನೇ ಎಲ್ಲರಿಗೂ ಅನ್ವಯಿಸಿತು. 2024ರ ಜುಲೈ 1ರಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಮು. ಸಂಖ್ಯೆ ಬದಲಾಯಿತು, ಅವಧಿ ಬದಲಾಗಲಿಲ್ಲ.

ಈ ಕಲಮು ಯಾರನ್ನೂ ಸತ್ತರೆಂದು ಸಾರುವುದಿಲ್ಲ. ಬದುಕಿದ್ದರೆ ಯಾರಿಗೆ ಸುದ್ದಿ ತಲುಪಬೇಕಿತ್ತೋ ಅವರಿಗೇ ಏಳು ವರ್ಷ ಸುದ್ದಿಯಿಲ್ಲದಿದ್ದರೆ, ಬದುಕಿದ್ದಾರೆ ಎನ್ನುವವರೇ ಅದನ್ನು ಸಾಬೀತುಪಡಿಸಬೇಕು ಎನ್ನುತ್ತದೆ. ಹಾಗಾಗಿ ಹೆಬ್ಬಾಳದ ಮನೆಯ ಖಾತೆ ಬದಲಾಗಬೇಕಿದ್ದರೂ ಬ್ಯಾಂಕಿನ ಹಣ ಬಿಡಿಸಿಕೊಳ್ಳಬೇಕಿದ್ದರೂ ಹೆಂಡತಿ ಠಾಣೆಯಲ್ಲಿ ಕೊಟ್ಟ ದೂರಿನ ಪ್ರತಿ, ‘ಪತ್ತೆಯಾಗಿಲ್ಲ’ ಎಂಬ ಹಿಂಬರಹ, ಪತ್ರಿಕೆಯಲ್ಲಿ ಹಾಕಿಸಿದ ಪ್ರಕಟಣೆ ಎಲ್ಲವನ್ನೂ ಹಿಡಿದು ಸಿವಿಲ್ ಕೋರ್ಟಿನಲ್ಲಿ ಘೋಷಣಾ ದಾವೆ ಹೂಡುತ್ತಾಳೆ. ಡಿಕ್ರಿಯಾದ ಮೇಲೆ ಅದನ್ನು ಜನನ-ಮರಣ ನೋಂದಣಿ ಕಚೇರಿಗೆ ಒಯ್ಯಬೇಕು.

ಸತ್ತದ್ದು ಯಾವತ್ತು ಎಂಬ ಪ್ರಶ್ನೆ ಇನ್ನೂ ಕಠಿಣ. ಎಲ್ಐಸಿ ವಿರುದ್ಧ ಅನುರಾಧಾ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ಕಾನೂನು ಸಾವನ್ನು ಊಹಿಸುತ್ತದೆ, ಸಾವಿನ ದಿನವನ್ನಲ್ಲ. ಕಾಣೆಯಾದ ದಿನವೇ ಸತ್ತರೆಂದು ಹೇಳುವವರು ಸಾಕ್ಷ್ಯ ಕೊಡಬೇಕು. ಅಂದರೆ ಗಂಡನ ಸಂಬಳ ನಿಂತ ಮನೆಯಲ್ಲಿ ವಿಮೆಯ ಕಂತು ಮಾತ್ರ ನಿಲ್ಲುವಂತಿಲ್ಲ. ಪಾಲಿಸಿ ರದ್ದಾದರೆ ಪೂರ್ತಿ ಹಣ ಸಿಗುವುದಿಲ್ಲ. ತರ್ಕ ಸರಿಯಿರಬಹುದು, ಆದರೆ ಇದರ ಭಾರ ಹೊರಲು ಅತ್ಯಂತ ಅಶಕ್ತರಾದವರ ಮೇಲೇ ಅದು ಬೀಳುತ್ತದೆ.

ಕಾಣೆಯಾದವರು ಕೇಂದ್ರ ಸರ್ಕಾರಿ ನೌಕರರಾಗಿದ್ದರೆ, ಪೊಲೀಸ್ ದೂರು ದಾಖಲಾಗಿ 6 ತಿಂಗಳಾದ ಮೇಲೆ ಕುಟುಂಬ ಪಿಂಚಣಿ ಕೊಡುವ ನಿಯಮವಿದೆ. ಅವರು ತಿರುಗಿ ಬಂದರೆ ಹಣ ಹಿಂತಿರುಗಿಸುವುದಾಗಿ ಮನೆಯವರು ಮುಚ್ಚಳಿಕೆ ಬರೆದುಕೊಟ್ಟರಾಯಿತು. ಯಶವಂತಪುರ ಮಾರುಕಟ್ಟೆಯ ಹಮಾಲಿಯ ಹೆಂಡತಿಯಿಂದಲೂ ಅಂಥ ಮುಚ್ಚಳಿಕೆ ಬರೆಸಿಕೊಂಡು ನೆರವು ಕೊಡಬಹುದು.