ಮನೆಯಲ್ಲಿ ಆಕ್ಸಿಜನ್ ಇದ್ದರೆ ಬೆಂಕಿ ಎಲ್ಲಿರಬೇಕು?

ಕೊರೊನಾ ಹೊತ್ತಿನಲ್ಲಿ, 2021ರ ಬೇಸಿಗೆಯಲ್ಲಿ, ಆಕ್ಸಿಜನ್ ಸಿಲಿಂಡರ್ ಅನ್ನೋ ಮಾತು ಚಿಕ್ಕ ಮಕ್ಕಳ ಬಾಯಲ್ಲೂ ಇತ್ತು. ಈಗ ಆ ಗದ್ದಲ ಇಲ್ಲ. ಆದರೂ ಶ್ವಾಸಕೋಶದ ಹಳೆಯ ಕಾಯಿಲೆ ಇರುವ ಕೆಲವರಿಗೆ ಮನೆಯಲ್ಲೇ ಆಕ್ಸಿಜನ್ ತೆಗೆದುಕೊಳ್ಳಲು ವೈದ್ಯರು ಹೇಳುತ್ತಾರೆ. ನಮ್ಮ ಝುವಾರಿನಗರದಲ್ಲಿ ಎಷ್ಟೋ ಬಾಡಿಗೆ ಮನೆಗಳು ಒಂದೇ ಕೋಣೆಯವು. ಅಲ್ಲೇ ಒಲೆ, ಅಲ್ಲೇ ದೇವರ ದೀಪ, ಅಲ್ಲೇ ಅಜ್ಜನ ಹಾಸಿಗೆ. ಯಂತ್ರದ ಜೊತೆ ಬರುವ ಇಂಗ್ಲಿಷ್ ಪುಸ್ತಕವನ್ನು ಓದಿ ಹೇಳಬೇಕಾದವರು ಬಹುಶಃ ನೀವೇ.

ಆಕ್ಸಿಜನ್ ತಾನು ಉರಿಯುವುದಿಲ್ಲ, ಬೇರೆ ವಸ್ತು ಉರಿಯಲು ನೆರವಾಗುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಅದು ಶೇ. 21 ಮಾತ್ರ, ಶೇ. 78 ನೈಟ್ರೋಜನ್. ಈ ನೈಟ್ರೋಜನ್ ಶಾಖವನ್ನು ಹೀರಿಕೊಂಡು ಬೆಂಕಿಯ ಆರ್ಭಟವನ್ನು ತಗ್ಗಿಸುತ್ತದೆ. ಯೂರಿಯಾ ಗೊಬ್ಬರ ಮಾಡಲು ಕಾರ್ಖಾನೆಗೆ ಬೇಕಾಗುವುದು ಗಾಳಿಯ ಇದೇ ನೈಟ್ರೋಜನ್. ಆಕ್ಸಿಜನ್ ಕಾನ್ಸನ್‌ಟ್ರೇಟರ್ ಯಂತ್ರಕ್ಕೆ ಅದು ಬೇಡ. ಜಿಯೋಲೈಟ್ ಹರಳುಗಳಲ್ಲಿ ನೈಟ್ರೋಜನ್ನನ್ನು ಹಿಡಿದಿಟ್ಟು, ಸುಮಾರು ಶೇ. 90ರಷ್ಟು ಆಕ್ಸಿಜನ್ ಇರುವ ಗಾಳಿಯನ್ನು ಅದು ನಳಿಕೆಗೆ ಬಿಡುತ್ತದೆ. ಅಂದರೆ ಬೆಂಕಿಗೆ ಇದ್ದ ಲಗಾಮು ಹೋಯಿತು.

ಕೆಂಡವಾಗಿದ್ದ ಊದಿನಕಡ್ಡಿಯನ್ನು ಆಕ್ಸಿಜನ್ ತುಂಬಿದ ಪ್ರನಾಳಕ್ಕೆ ಇಳಿಸಿದರೆ ಭಗ್ ಅಂತ ಹೊತ್ತಿಕೊಳ್ಳುತ್ತದೆ ಅಲ್ವಾ? ಅಜ್ಜನ ಬೀಡಿಗೂ ಅದೇ ನಿಯಮ. ಪ್ರನಾಳದ ಜಾಗದಲ್ಲಿ ಅಲ್ಲಿ ಮೂಗು, ಮೀಸೆ. ಬಲ್ಲವರೂ ಇದರಲ್ಲಿ ಎಡವಿದ್ದಾರೆ. 1967ರ ಜನವರಿ 27ರಂದು ಅಮೆರಿಕದ ಅಪೊಲೊ 1 ನೌಕೆ ನೆಲದ ಮೇಲೆ ಪರೀಕ್ಷೆಯಲ್ಲಿದ್ದಾಗಲೇ ಒಳಗೆ ಬೆಂಕಿ ಬಿದ್ದು ಮೂವರು ಗಗನಯಾತ್ರಿಗಳು ತೀರಿಕೊಂಡರು. ನೌಕೆಯೊಳಗೆ ತುಂಬಿದ್ದು ಶುದ್ಧ ಆಕ್ಸಿಜನ್.

ಮನೆಯ ಕೋಣೆ ನೌಕೆಯಷ್ಟು ಬಿಗಿಯಾಗಿ ಮುಚ್ಚಿರುವುದಿಲ್ಲ, ನಿಜ. ಆದರೆ ಮೂಗಿನ ನಳಿಕೆಯಿಂದ ಸೋರಿದ ಆಕ್ಸಿಜನ್ ಅಂಗಿ, ಕೂದಲು, ಕೌದಿಯ ಎಳೆಗಳ ನಡುವೆ ಸೇರಿಕೊಳ್ಳುತ್ತದೆ. ಕಣ್ಣಿಗೆ ಕಾಣದು, ವಾಸನೆಯೂ ಇಲ್ಲ. ಆದ್ದರಿಂದ "ಯಂತ್ರ ಬಂದ್ ಮಾಡೀನಲ್ಲ, ಈಗ ಒಂದು ಬೀಡಿ ಸೇದ್ತೀನಿ" ಅನ್ನೋದು ಅಪಾಯ. ಬಂದ್ ಮಾಡಿ ಅರ್ಧ ಗಂಟೆಯಾದರೂ ಬಟ್ಟೆಗೆ ಗಾಳಿ ಆಡಬೇಕು, ಆಮೇಲಷ್ಟೇ ಬೆಂಕಿಯ ಹತ್ತಿರ ಹೋಗಬೇಕು. ಬೀಡಿಯನ್ನು ಪೂರ್ತಿ ಬಿಟ್ಟರೆ ಶ್ವಾಸಕೋಶಕ್ಕೂ ಒಳ್ಳೆಯದು, ಅದು ಬೇರೆ ಮಾತು. ನಳಿಕೆಯನ್ನು ತೆಗೆದು ಹಾಸಿಗೆ ಮೇಲೆ ಹಾಗೇ ಬಿಡುವುದೂ ತಪ್ಪು. ಯಂತ್ರ ನಡೆಯುತ್ತಿದ್ದರೆ ಕೌದಿಯೆಲ್ಲ ಆಕ್ಸಿಜನ್ ಕುಡಿಯುತ್ತದೆ.

ಉರಿಯುವ ಯಾವುದೇ ಬೆಂಕಿಯಿಂದ 3 ಮೀಟರ್, ಅಂದರೆ ಹತ್ತು ಅಡಿ ದೂರ ಇರಬೇಕು. ಹತ್ತಡಿ ಕೋಣೆಯಲ್ಲಿ ಅಳೆದು ನೋಡಿ, ಗೆರೆ ಎದುರು ಗೋಡೆಗೇ ಮುಟ್ಟುತ್ತದೆ! ಹಾಗಾಗಿ ಅಡುಗೆ ಹೊತ್ತಿಗೆ ಅಜ್ಜನನ್ನೂ ಯಂತ್ರವನ್ನೂ ಹೊರಗಿನ ಕಟ್ಟೆಗೆ ಸಾಗಿಸಬೇಕು, ಇಲ್ಲವೇ ಅವ್ವ ಪಕ್ಕದ ಮನೆಯಲ್ಲಿ ಒಲೆ ಹಚ್ಚಬೇಕು. ವೈದ್ಯರನ್ನು ಕೇಳದೆ ಆಕ್ಸಿಜನ್ ನಿಲ್ಲಿಸಬೇಡಿ. ದೇವರ ದೀಪ, ಊದಿನಕಡ್ಡಿ, ಸೊಳ್ಳೆ ಬತ್ತಿ ಇವೂ ಬೆಂಕಿಯೇ. ದೀಪಕ್ಕೆ ಬ್ಯಾಟರಿ ಬಲ್ಬು ಇಟ್ಟರೆ ದೇವರೇನು ಸಿಟ್ಟಾಗಲ್ಲ.

ಕರೆಂಟ್ ಹೋದ ರಾತ್ರಿ ಇನ್ನೂ ಹುಷಾರು. ಕಾನ್ಸನ್‌ಟ್ರೇಟರ್ ನಿಂತಿತು ಅಂತ ಒಬ್ಬರು ಸಿಲಿಂಡರ್ ಕಡೆ ಓಡುತ್ತಾರೆ, ಇನ್ನೊಬ್ಬರು ಮೇಣದಬತ್ತಿ ಹುಡುಕುತ್ತಾರೆ. ಎರಡೂ ಒಟ್ಟಿಗೆ ಬರಬಾರದು. ಸಿಲಿಂಡರ್ ಪಕ್ಕದಲ್ಲೇ ಒಂದು ಟಾರ್ಚ್ ಇಟ್ಟುಬಿಡಿ.

ನಳಿಕೆಯಿಂದ ಮೂಗು ಒಣಗಿತು ಅಂತ ಕೊಬ್ಬರಿ ಎಣ್ಣೆ, ವ್ಯಾಸಲೀನ್, ವಿಕ್ಸ್ ಸವರಬೇಡಿ. ಇವೆಲ್ಲ ಎಣ್ಣೆ ಜಿಡ್ಡಿನವು, ಆಕ್ಸಿಜನ್ನಿನಲ್ಲಿ ಸುಲಭವಾಗಿ ಹೊತ್ತುತ್ತವೆ. ನೀರಿನಿಂದ ಮಾಡಿದ ಜೆಲ್ ಸಿಗುತ್ತದೆ, ವೈದ್ಯರನ್ನು ಕೇಳಿ. ಸಿಲಿಂಡರಿನ ವಾಲ್ವ್ ಬಿಗಿಯಾಗಿದೆ ಅಂತ ಅಪ್ಪ ಎಣ್ಣೆ ಬಿಡಲು ಹೋದರಂತೂ ಕೈ ಹಿಡಿದು ತಡೆಯಿರಿ. ಹೆಚ್ಚಿನ ಒತ್ತಡದ ಆಕ್ಸಿಜನ್ ತಾಗಿದರೆ ಎಣ್ಣೆಗೆ ಕಡ್ಡಿ ಗೀರುವುದೇ ಬೇಡ, ತಾನಾಗಿಯೇ ಹೊತ್ತಿಕೊಳ್ಳಬಹುದು. ವಾಲ್ವನ್ನು ಯಾವಾಗಲೂ ನಿಧಾನವಾಗಿ ತಿರುಗಿಸಬೇಕು. ಸಿಲಿಂಡರ್ ಉರುಳದಂತೆ ಗೋಡೆಗೆ ಸರಪಳಿ ಹಾಕಿ ನಿಲ್ಲಿಸಬೇಕು.

ಇಷ್ಟಾದರೂ ಬೆಂಕಿ ಹೊತ್ತಿದರೆ, ಕೈಗೆ ಸಿಗುವಂತಿದ್ದರೆ ಮೊದಲು ಆಕ್ಸಿಜನ್ ಬಂದ್ ಮಾಡಿ, ಮೂಗಿನ ನಳಿಕೆ ತೆಗೆಯಿರಿ. ಅಜ್ಜನನ್ನು ಹೊರಗೆ ಕರೆತನ್ನಿ. ಯಂತ್ರ ಉಳಿಸಲು ಒಳಗೆ ಮರಳಿ ಹೋಗಬೇಡಿ. ಹೊರಗೆ ನಿಂತು 101 ಅಥವಾ 112ಕ್ಕೆ ಫೋನ್ ಮಾಡಿ, ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್ ಇದೆ ಅನ್ನೋದನ್ನು ಮೊದಲೇ ಹೇಳಿ.